ಪಿಕಪ್ ಬಾಡಿಗೆ ಒಳಹಾಸು, ಮೇಲೊಂದು ಹೊದಿಕೆ: ಕಣ್ಣಿಗೆ ಕಾಣದ ನೀರೇ ಮೊದಲ ಶತ್ರು

ಬೆಂಗಳೂರು: ದಕ್ಷಿಣ ಬೆಂಗಳೂರಿನ ತ್ಯಾಗರಾಜನಗರದಂತಹ ಹಳೆಯ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ದೊಡ್ಡ ಲಾರಿ ತಿರುಗಲು ಜಾಗವಿಲ್ಲ. ಮನೆ ಬದಲಿಸುವವರ ಮಂಚ-ಬೀರು, ಅಂಗಡಿಗಳಿಗೆ ಹೋಗುವ ನೀರಿನ ಕ್ಯಾನು, ದುರಸ್ತಿ ನಡೆಯುತ್ತಿರುವ ಮನೆಯ ಸಿಮೆಂಟು-ಮರಳು, ಸಮೀಪದ ಗಾಂಧಿ ಬಜಾರಿಗೆ ಬರುವ ಹೂವು-ಹಣ್ಣು ಎಲ್ಲವೂ ಇಲ್ಲಿ ಓಡಾಡುವುದು ಸಣ್ಣ ಸರಕು ವಾಹನಗಳ ಬೆನ್ನೇರಿಯೇ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ನಂತರ ಈ ವರ್ಗದ ವಾಹನಗಳು ನಗರದ ಸರಕು ಸಾಗಣೆಯ ಸ್ವರೂಪವನ್ನೇ ಬದಲಿಸಿದವು. 'ಛೋಟಾ ಹಾಥಿ' ಎಂಬ ಅಡ್ಡಹೆಸರು ಆ ವಾಹನಕ್ಕೆ ಅಂಟಿಕೊಂಡಿತು. ಮಹೀಂದ್ರ ಬೊಲೆರೊ ಪಿಕಪ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್, 2016ರ ಮಾರುತಿ ಸೂಪರ್ ಕ್ಯಾರಿ, 2019ರ ಟಾಟಾ ಇಂಟ್ರಾ ಇವೆಲ್ಲ ಇದೇ ಕೆಲಸಕ್ಕೆ ಒದಗಿದ ಗಾಡಿಗಳು.

ಇಂತಹ ವಾಹನಗಳ ಮಾಲೀಕನೇ ಬಹುಪಾಲು ಅದರ ಚಾಲಕನೂ ಆಗಿರುತ್ತಾನೆ. ಸಾಲದ ಕಂತು ತೀರುವವರೆಗೆ ಗಾಡಿ ದುಡಿಯಬೇಕು, ತೀರಿದ ಮೇಲೆ ಒಳ್ಳೆಯ ಬೆಲೆಗೆ ಮಾರಾಟವಾಗಬೇಕು. ಎಂಜಿನ್ ಆಯಿಲು, ಟೈರು, ಬ್ರೇಕಿನ ಬಗ್ಗೆ ಕಾಳಜಿ ವಹಿಸುವವರು ಹಿಂಬದಿಯ ಬಾಡಿಯನ್ನು ಗಮನಿಸುವುದು ತಳದ ತಗಡಿನಲ್ಲಿ ತೂತು ಕಂಡಾಗ ಮಾತ್ರ. ತಳಕ್ಕೆ ಒಳಹಾಸು ಹಾಕಿಸುವುದು, ಮೇಲೆ ಹೊದಿಕೆ ಕಟ್ಟುವುದು ಈ ನಷ್ಟವನ್ನು ತಡೆಯುವ ಉಪಾಯಗಳು. ಆದರೆ ತಪ್ಪಾಗಿ ಅಳವಡಿಸಿದ ಒಳಹಾಸು ತಗಡನ್ನು ಉಳಿಸುವುದಕ್ಕಿಂತ ಬೇಗ ಕೊಲ್ಲುತ್ತದೆ. ಗ್ಯಾರೇಜುಗಳಲ್ಲಿ ಈ ಮಾತು ಹೇಳುವವರು ಕಡಿಮೆ.

ತಗಡು ತುಕ್ಕು ಹಿಡಿಯುವ ಬಗೆ

ಕಾರ್ಖಾನೆಯಿಂದ ಬರುವ ಬಾಡಿಗೆ ಬಣ್ಣದ ರಕ್ಷಣೆ ಇರುತ್ತದೆ. ಕಬ್ಬಿಣದ ಸರಳು ಎಳೆದಾಗ, ಗ್ಯಾಸ್ ಸಿಲಿಂಡರ್ ಉರುಳಿಸಿದಾಗ, ಸಲಿಕೆಯಿಂದ ಮರಳು ತೆಗೆದಾಗ ಆ ಬಣ್ಣ ಗೀರಿ ಹೋಗುತ್ತದೆ. ಗೀರಿದ ಜಾಗಕ್ಕೆ ನೀರು, ಗಾಳಿ ಎರಡೂ ತಗುಲಿದರೆ ತುಕ್ಕು ಶುರು. ಬಿಸಿಲಿಗೆ ತೆರೆದಿರುವ ತಳ ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಒಣಗುವುದರಿಂದ ತುಕ್ಕು ನಿಧಾನವಾಗಿ ಹಬ್ಬುತ್ತದೆ. ಅದೇ ತಳದ ಮೇಲೆ ಒಂದು ಹಾಳೆಯನ್ನೋ ಚಾಪೆಯನ್ನೋ ಹಾಸಿದರೆ ಕೆಳಗೆ ಸೇರಿದ ನೀರು ದಿನಗಟ್ಟಲೆ ಉಳಿಯುತ್ತದೆ. ಎರಡು ಮೇಲ್ಮೈಗಳ ನಡುವಿನ ಕಿರಿದಾದ ಸಂದು ನೀರನ್ನು ತಾನಾಗಿ ಒಳಗೆಳೆದು ಹಿಡಿದುಕೊಳ್ಳುತ್ತದೆ. ಮಣ್ಣು, ಹುಲ್ಲಿನ ಚೂರು, ಸೆಣಬಿನ ನಾರು ಅಲ್ಲಿ ಸೇರಿ ಒದ್ದೆ ಬಟ್ಟೆಯಂತೆ ಕೆಲಸ ಮಾಡುತ್ತವೆ.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಿಸುಮಾರು ಒಂದು ಮೀಟರಿನಷ್ಟು ಮಳೆ ಬೀಳುತ್ತದೆ. ಮೇ ತಿಂಗಳ ಗುಡುಗು ಮಳೆಯಿಂದ ಮೊದಲಾಗಿ ಅಕ್ಟೋಬರ್, ನವೆಂಬರ್‌ವರೆಗೆ ತೇವ ಪೂರ್ತಿ ಆರುವುದೇ ಇಲ್ಲ. ಇದರ ಜೊತೆಗೆ ಸರಕಿನ ಗುಣವೂ ಸೇರುತ್ತದೆ. ಉಪ್ಪಿನ ಮೂಟೆ, ರಸಗೊಬ್ಬರ, ಮೀನಿನ ಪೆಟ್ಟಿಗೆಯಿಂದ ಸೋರುವ ಉಪ್ಪುನೀರು, ಹಸಿ ಕಸದ ರಸ ಇವು ಬರಿಯ ಮಳೆನೀರಿಗಿಂತ ಎಷ್ಟೋ ಪಾಲು ವೇಗವಾಗಿ ತಗಡನ್ನು ತಿನ್ನುತ್ತವೆ. ಮೊದಲು ಸಾಯುವುದು ನಟ್ಟನಡುವಿನ ತಗಡಲ್ಲ; ಕ್ಯಾಬಿನ್ನಿನ ಹಿಂಗೋಡೆ ತಳಕ್ಕೆ ಸೇರುವ ಮೂಲೆ, ವೆಲ್ಡಿಂಗ್ ಕೂಡುಗಳು, ಹಿಂಬಾಗಿಲಿನ ಕೀಲುಗಳ ಬುಡ. ಒಳಹಾಸು ಹಾಕಿಸುವ ಮುನ್ನ ಪರೀಕ್ಷಿಸಬೇಕಾದ್ದು ಈ ಜಾಗಗಳನ್ನೇ.

ಒಳಹಾಸಿನ ಬಗೆಗಳು

ಒಳಹಾಸಿಗೆ ಇಂಗ್ಲಿಷಿನಿಂದ ಬಂದ 'ಬೆಡ್ ಲೈನರ್' ಎಂಬ ಹೆಸರೇ ಅಂಗಡಿಗಳಲ್ಲಿ ಬಳಕೆಯಲ್ಲಿದೆ. ನಮ್ಮಲ್ಲಿ ಹೆಚ್ಚು ಕಾಣಸಿಗುವುದು ಉಬ್ಬುಗೆರೆಗಳುಳ್ಳ ಉಕ್ಕಿನ ಚೆಕರ್ಡ್ ಪ್ಲೇಟು. ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಕತ್ತರಿಸಿ ಕೂರಿಸಿಕೊಡುತ್ತಾರೆ. ಕಲ್ಲು, ಜಲ್ಲಿ, ಕಬ್ಬಿಣ ಹೊರುವ ಗಾಡಿಗೆ ಅದಕ್ಕೆ ಸಾಟಿಯಿಲ್ಲ. ಆದರೆ ಅದರ ತೂಕದ ಲೆಕ್ಕವನ್ನು ಕೇಳುವವರು ವಿರಳ.

ಲೆಕ್ಕ ಸರಳವಾಗಿದೆ. ಉಕ್ಕು ಘನಮೀಟರಿಗೆ 7,850 ಕೆ.ಜಿ. ತೂಗುತ್ತದೆ. ಆದ್ದರಿಂದ 3 ಮಿ.ಮೀ. ದಪ್ಪದ ಹಾಳೆ ಚದರ ಮೀಟರಿಗೆ ಸುಮಾರು 23.5 ಕೆ.ಜಿ. ಬರುತ್ತದೆ. ಏಸ್ ವರ್ಗದ ವಾಹನದ ತಳ ಸುಮಾರು 2.2 ಮೀಟರ್ ಉದ್ದ, 1.5 ಮೀಟರ್ ಅಗಲವಿದ್ದು ವಿಸ್ತೀರ್ಣ 3.3 ಚದರ ಮೀಟರ್ ಆಗುತ್ತದೆ. ಅದರ ಮೇಲಿನ ಹಾಳೆಯೊಂದೇ 78 ಕೆ.ಜಿ. ತೂಗುತ್ತದೆ, ಉಬ್ಬುಗೆರೆಗಳ ತೂಕ ಬೇರೆ. 750 ಕೆ.ಜಿ. ಹೊರಲು ಅನುಮತಿಯಿರುವ ಗಾಡಿಯಲ್ಲಿ ಹತ್ತನೆಯ ಒಂದು ಪಾಲು ಹೀಗೆ ಮೊದಲೇ ತುಂಬಿಹೋಯಿತು. ನೀರಿನ ವ್ಯಾಪಾರಿಗೆ ಇದರ ಅರ್ಥ ಪ್ರತಿ ಸರದಿಯಲ್ಲೂ 20 ಲೀಟರಿನ ಮೂರು ನಾಲ್ಕು ಕ್ಯಾನು ಕಡಿಮೆ ಎಂದು. ಕಡಿಮೆ ಮಾಡದೆ ಅಷ್ಟೇ ತುಂಬಿದರೆ ಸ್ಪ್ರಿಂಗು, ಟೈರು, ಬ್ರೇಕುಗಳು ಆ ಭಾರವನ್ನು ಹೊರುತ್ತವೆ. ಖಾಲಿ ಬರುವಾಗಲೂ ಆ 78 ಕೆ.ಜಿ.ಗೆ ಇಂಧನ ಸುಡಲೇಬೇಕು.

ಅದೇ ದಪ್ಪದ ಅಲ್ಯೂಮಿನಿಯಂ ಹಾಳೆ ಅಷ್ಟೇ ಜಾಗಕ್ಕೆ 27 ಕೆ.ಜಿ. ಮಾತ್ರ. ಬೆಲೆ ಹೆಚ್ಚು, ತಾನಾಗಿ ಕೆಂಪು ತುಕ್ಕು ಹಿಡಿಯದು. ಆದರೆ ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿಕೊಂಡು ನಡುವೆ ನೀರು ನಿಂತರೆ ಸಣ್ಣದೊಂದು ವಿದ್ಯುತ್ಕೋಶವೇ ಏರ್ಪಟ್ಟು ಲೋಹ ಸವೆಯತೊಡಗುತ್ತದೆ. ಸಾಮಾನ್ಯವಾಗಿ ಅಲ್ಯೂಮಿನಿಯಮ್ಮೇ ಮೊದಲು ಬಿಳಿಪುಡಿಯಾಗಿ ಉದುರುತ್ತದೆ. ನಡುವೆ ರಬ್ಬರ್ ಪಟ್ಟಿ ಅಥವಾ ದಪ್ಪನಾದ ಬಣ್ಣದ ಪದರ ಇರಲೇಬೇಕು.

ಮರದ ಹಲಗೆ, ಪ್ಲೈವುಡ್ ಹಳೆಯ ರೂಢಿ. ಪೀಠೋಪಕರಣ, ಗಾಜು, ಅಮೃತಶಿಲೆಯ ಚಪ್ಪಡಿ ಸಾಗಿಸುವವರಿಗೆ ಈಗಲೂ ಇದೇ ಲೇಸು. ಏಟನ್ನು ಹೀರಿಕೊಳ್ಳುತ್ತದೆ, ಮೊಳೆ ಹೊಡೆದು ಅಡ್ಡಪಟ್ಟಿ ನಿಲ್ಲಿಸಬಹುದು, ಹಾಳಾದರೆ ಒಂದು ತುಂಡನ್ನಷ್ಟೇ ಬದಲಿಸಬಹುದು. 12 ಮಿ.ಮೀ. ಪ್ಲೈವುಡ್ ಒಣಗಿದ್ದಾಗ ಅಲ್ಯೂಮಿನಿಯಂ ಹಾಳೆಯಷ್ಟೇ ತೂಕ. ನೀರು ಕುಡಿದರೆ ತೂಕ ಏರುತ್ತದೆ, ಕುಡಿದ ನೀರನ್ನು ಕೆಳಗಿನ ತಗಡಿಗೆ ಉಣಿಸುತ್ತಲೇ ಇರುತ್ತದೆ. ನೀರುನಿರೋಧಕ ಪ್ಲೈವುಡ್ ಆದರೂ ಕತ್ತರಿಸಿದ ಅಂಚುಗಳಿಗೆ ಬಣ್ಣ ಬಳಿಯದಿದ್ದರೆ ಪದರ ಬಿಡುತ್ತದೆ.

ಸಿದ್ಧ ಪ್ಲಾಸ್ಟಿಕ್ ಒಳಹಾಸು ಹೆಚ್ಚಾಗಿ ಕಾಣುವುದು ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂತಹ ದುಬಾರಿ ಪಿಕಪ್‌ಗಳಲ್ಲಿ. ಹೈಲಕ್ಸ್ 2022ರಲ್ಲಿ ಭಾರತಕ್ಕೆ ಬಂದಿತು, ಬೆಂಗಳೂರಿನ ಸನಿಹದ ಬಿಡದಿಯಲ್ಲೇ ಅದರ ಜೋಡಣೆ ನಡೆಯುತ್ತದೆ. ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್ ಹಾಳೆಯನ್ನು ಬಿಸಿ ಮಾಡಿ, ಅಚ್ಚಿನ ಮೇಲೆ ಗಾಳಿ ಹೀರಿ, ಬಾಡಿಯ ಆಕಾರಕ್ಕೆ ತಕ್ಕಂತೆ ಇದನ್ನು ತಯಾರಿಸುತ್ತಾರೆ. ತಳ, ಪಕ್ಕ, ಹಿಂಬಾಗಿಲು ಮೂರನ್ನೂ ಮುಚ್ಚುವ ಈ ತೊಟ್ಟಿಯನ್ನು ಇಬ್ಬರು ಎತ್ತಿ ಕೂರಿಸಬಹುದು. ತೂಕ ಹಗುರ, ಏಟು ತಡೆಯುತ್ತದೆ. ದೋಷ ಎರಡು: ಮೇಲ್ಮೈ ಜಾರುತ್ತದೆ, ಆದ್ದರಿಂದ ಕಟ್ಟದ ಸರಕು ಬ್ರೇಕ್ ಹಾಕಿದಾಗ ಕ್ಯಾಬಿನ್ನಿಗೆ ಬಂದು ಗುದ್ದುತ್ತದೆ, ಬಿಗಿಯಾಗಿ ಕೂರದಿದ್ದರೆ ಓಡುವಾಗಲೆಲ್ಲ ಅದುರಿ, ಕೆಳಗೆ ಸಿಕ್ಕ ಮರಳಿನ ಕಣಗಳಿಂದ ಉಪ್ಪುಕಾಗದದಂತೆ ಬಣ್ಣವನ್ನು ಉಜ್ಜಿ ತೆಗೆಯುತ್ತದೆ. ಎರಡು ಮೂರು ವರ್ಷದ ನಂತರ ಎತ್ತಿ ನೋಡಿದಾಗ ಹೊಳೆಯುವ ಒಳಹಾಸಿನ ಅಡಿಯಲ್ಲಿ ಕೆಂಪು ತಗಡು ಕಂಡರೆ ಅಚ್ಚರಿಪಡಬೇಕಿಲ್ಲ.

ಇದಕ್ಕೆ ಪ್ರತಿಯಾಗಿ ಬಂದದ್ದು ಸಿಂಪಡಿಸುವ ಒಳಹಾಸು. ಪಾಲಿಯುರೆಥೇನ್ ಅಥವಾ ಪಾಲಿಯೂರಿಯ ಎಂಬ ಎರಡು ದ್ರವಗಳ ಮಿಶ್ರಣವನ್ನು ತಗಡಿನ ಮೇಲೆ ಸಿಂಪಡಿಸಿದರೆ ಅದು ಗಟ್ಟಿಯಾಗಿ ರಬ್ಬರಿನಂತಹ ಒರಟು ತೊಗಲಾಗುತ್ತದೆ. ಪಾಲಿಯೂರಿಯವಂತೂ ಕೆಲವೇ ಕ್ಷಣಗಳಲ್ಲಿ ಹೆಪ್ಪುಗಟ್ಟುತ್ತದೆ. ಅದಕ್ಕೆ ದ್ರವಗಳನ್ನು ಬಿಸಿ ಮಾಡಿ ಹೆಚ್ಚಿನ ಒತ್ತಡದಲ್ಲಿ ಬೆರೆಸುವ ವಿಶೇಷ ಯಂತ್ರ ಬೇಕು. ಎರಡು ಮಿ.ಮೀ. ದಪ್ಪದಲ್ಲಿ ತಳ ಹಾಗೂ ಪಕ್ಕದ ಒಳಮೈ ಸೇರಿಸಿ ಸಣ್ಣ ಗಾಡಿಗೆ ಹನ್ನೆರಡು ಕೆ.ಜಿ. ಆಸುಪಾಸು ಸಾಕಾಗುತ್ತದೆ. ಇದು ತಗಡಿಗೆ ಅಂಟಿಕೊಳ್ಳುವುದರಿಂದ ನಡುವೆ ಸಂದಿಲ್ಲ, ನೀರಿಗೆ ಎಡೆಯಿಲ್ಲ. ಬಿಸಿಲಿಗೆ ಅಗ್ಗದ ಬಗೆ ಬೂದುಗಟ್ಟುತ್ತದೆ, ಬಿಸಿಲು ತಾಳುವ ಬಗೆಗೆ ಹೆಚ್ಚು ಹಣ ತೆರಬೇಕು. ಡಬ್ಬಿಯಲ್ಲಿ ಬರುವ, ರೋಲರಿನಿಂದ ಬಳಿಯುವ ಬಗೆಯೂ ಉಂಟು. ಅದರ ಪದರ ತೆಳುವಾಗಿರುತ್ತದೆ.

ಈ ಸಿಂಪಡಣೆಯ ಬಗ್ಗೆ ಎಚ್ಚರಿಕೆಯ ಒಂದು ಮಾತು ಅಗತ್ಯ. ಮಿಶ್ರಣದ ಒಂದು ಭಾಗವಾದ ಐಸೊಸಯನೇಟ್ ಗಾಳಿಯಲ್ಲಿ ಹರಡಿದಾಗ ಉಸಿರಾಟಕ್ಕೆ ಅಪಾಯಕಾರಿ. ಪದೇ ಪದೇ ಸೇವಿಸಿದವರಿಗೆ ಉಬ್ಬಸ ಬರಬಹುದು. ಒಮ್ಮೆ ದೇಹಕ್ಕೆ ಒಗ್ಗದ ಸ್ಥಿತಿ ಉಂಟಾದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ತೊಂದರೆ ಕೊಡುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮಾಡುವ ಕೆಲಸ ಇದಲ್ಲ, ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖವಾಡ ಬೇಕು. ಮನೆಗಳು ಒತ್ತೊತ್ತಾಗಿ ನಿಂತ ತ್ಯಾಗರಾಜನಗರದ ಓಣಿಯಲ್ಲಿ, ಪಕ್ಕದ ಮನೆಯ ಕಿಟಕಿ ತೆರೆದಿರುವಾಗ ಇದನ್ನು ಮಾಡುವುದು ಸಲ್ಲದು. ಮುಚ್ಚಿದ, ಗಾಳಿ ಹೊರದೂಡುವ ವ್ಯವಸ್ಥೆಯುಳ್ಳ ಕಾರ್ಯಾಗಾರಕ್ಕೆ ಗಾಡಿಯನ್ನು ಒಯ್ಯಬೇಕು. ಚಾಲಕ ಅಲ್ಲಿ ನಿಂತು ನೋಡುತ್ತಿರಬೇಕಾದ ಅಗತ್ಯವೂ ಇಲ್ಲ.

ದಪ್ಪ ರಬ್ಬರ್ ಚಾಪೆ ಎಲ್ಲಕ್ಕಿಂತ ಸುಲಭದ್ದು. ಕಾರ್ಖಾನೆಗಳಿಂದ ಹೊರಬಿದ್ದ ಹಳೆಯ ಕನ್ವೇಯರ್ ಬೆಲ್ಟನ್ನು ಕತ್ತರಿಸಿ ಹಾಸುವ ರೂಢಿಯೂ ಇದೆ. ಸರಕು ಜಾರುವುದಿಲ್ಲ, ಸದ್ದು ಕಡಿಮೆ, ವಾರಕ್ಕೊಮ್ಮೆ ಸುರುಳಿ ಸುತ್ತಿ ಕೆಳಗೆ ತೊಳೆಯಬಹುದು. ಬಗೆಬಗೆಯ ಸರಕು ಹೊರುವ ಸಾಮಾನ್ಯ ಗಾಡಿಗೆ ಒಳ್ಳೆಯ ಬಣ್ಣದ ತಳ, ಅದರ ಮೇಲೊಂದು ತೆಗೆಯಬಹುದಾದ ರಬ್ಬರ್ ಚಾಪೆ ಇವೆರಡೇ ಸಾಕು. ಕಾಯಂ ಹಾಳೆ ಹೊಡೆಸುವ ಖರ್ಚು ಕಲ್ಲು-ಕಬ್ಬಿಣದ ಬಾಡಿಗೆಯವರಿಗೆ ಮಾತ್ರ ಹುಟ್ಟುತ್ತದೆ.

ಅಳವಡಿಸುವಾಗ

ಒಳಹಾಸು ಹಾಕಿಸಲು ಪ್ರಶಸ್ತ ಕಾಲ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಮಳೆಗಾಲದ ನಡುವೆ ಹಾಕಿಸಿದರೆ ಒಳಗಿನ ತೇವಕ್ಕೆ ಬಾಗಿಲು ಹಾಕಿದಂತಾಗುತ್ತದೆ. ನಗರದಲ್ಲಿ ವಾಹನದ ಬಿಡಿಭಾಗ, ಅಲಂಕಾರ ಸಾಮಗ್ರಿಗಳಿಗೆ ಹೆಸರಾದದ್ದು ಮಿನರ್ವ ವೃತ್ತದಿಂದ ಪುರಭವನದ ಕಡೆಗೆ ಸಾಗುವ ಜೆ.ಸಿ. ರಸ್ತೆ. ತ್ಯಾಗರಾಜನಗರದಿಂದ ಕೆಲವೇ ಕಿ.ಮೀ. ದೂರ. ಅಂಗಡಿ ಯಾವುದಾದರೂ ಸರಿ, ಕೆಲಸದ ಕ್ರಮ ಒಂದೇ.

ಮೊದಲು ತಳವನ್ನು ಸೋಪಿನ ನೀರಿನಿಂದ ತೊಳೆದು, ಒಂದು ದಿನ ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ತುಕ್ಕಿದ್ದಲ್ಲಿ ತಂತಿಯ ಬ್ರಷ್, ಉಪ್ಪುಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಪ್ರೈಮರ್ ಬಳಿದು, ಅದು ಒಣಗಿದ ಮೇಲೆ ಬಣ್ಣ ಹೊಡೆಯಬೇಕು. ತುಕ್ಕಿನ ಮೇಲೆಯೇ ರೆಡ್ ಆಕ್ಸೈಡ್ ಬಳಿದು ಮುಚ್ಚುವುದು ಕಣ್ಣೊರೆಸುವ ಕೆಲಸ. ಸಿಂಪಡಿಸುವ ಒಳಹಾಸಿಗಂತೂ ಈ ಸಿದ್ಧತೆಯೇ ಮುಕ್ಕಾಲು ಪಾಲು ಕೆಲಸ. ಎಣ್ಣೆ, ಮೇಣದ ಪಸೆ ಉಳಿದಲ್ಲಿ ಪದರ ಹಪ್ಪಳದಂತೆ ಎದ್ದು ಬರುತ್ತದೆ. ಸಿಂಪಡಿಸಿದ ನಂತರ ಒಂದು ದಿನ ಗಾಡಿಯನ್ನು ಹಾಗೆಯೇ ಬಿಟ್ಟು, ಭಾರದ ಸರಕನ್ನು ಇನ್ನೂ ಕೆಲವು ದಿನ ಮುಂದೂಡುವುದು ಒಳ್ಳೆಯದು.

ತಳದಲ್ಲಿ ನೀರು ಹರಿದುಹೋಗಲು ರಂಧ್ರಗಳಿವೆಯೇ ಎಂಬುದನ್ನು ನೋಡಿ, ಹಾಸುವ ಹಾಳೆಯಲ್ಲೂ ಅದೇ ಜಾಗದಲ್ಲಿ ರಂಧ್ರ ಬಿಡಬೇಕು. ಹಾಳೆ ತಗಡಿಗೆ ಪೂರ್ತಿ ಅಂಟಿರಬಾರದು. ಉದ್ದುದ್ದಕ್ಕೆ ರಬ್ಬರ್ ಪಟ್ಟಿಗಳನ್ನು ಅಂಟಿಸಿ ಅದರ ಮೇಲೆ ಕೂರಿಸಿದರೆ ಕೆಳಗೆ ನೀರೂ ಗಾಳಿಯೂ ಹಿಂಬಾಗಿಲ ಕಡೆಗೆ ಸರಿದುಹೋಗುತ್ತವೆ. ಪಟ್ಟಿಗಳನ್ನು ಅಡ್ಡಡ್ಡ ಹಾಕಿದರೆ ಅವೇ ಕಟ್ಟೆಯಾಗಿ ನೀರನ್ನು ತಡೆಯುತ್ತವೆ. ಅಂಚಿನಲ್ಲಿ ಸುತ್ತಲೂ ಸಿಲಿಕೋನ್ ಹಚ್ಚಿ 'ನೀರು ಹೋಗದಂತೆ' ಮುಚ್ಚಿಕೊಡುತ್ತೇವೆ ಎಂದು ಕೆಲವರು ಹೇಳುವುದುಂಟು. ನೀರು ಹೇಗೋ ಒಳಸೇರುತ್ತದೆ. ಹೊರಬರುವ ದಾರಿಯಷ್ಟೇ ಮುಚ್ಚಿರುತ್ತದೆ.

ಸ್ಕ್ರೂ, ಬೋಲ್ಟುಗಳಿಗೆ ತೂತು ಕೊರೆಯುವ ಮುನ್ನ ಗಾಡಿಯ ಕೆಳಗೆ ಬಗ್ಗಿ ನೋಡುವುದು ಕಡ್ಡಾಯ. ಇಂಧನದ ಟ್ಯಾಂಕು, ಬ್ರೇಕಿನ ನಳಿಕೆ, ದೀಪದ ತಂತಿಗಳು ತಳದ ಕೆಳಗೇ ಹಾದುಹೋಗುತ್ತವೆ. ಕೊರೆದ ತೂತಿನ ಅಂಚಿಗೆ ಬಣ್ಣ ಮುಟ್ಟಿಸಿ, ರಬ್ಬರ್ ವಾಷರ್ ಹಾಕಿಯೇ ಬೋಲ್ಟ್ ಬಿಗಿಯಬೇಕು. ಸಿಎನ್‌ಜಿ ಗಾಡಿಯಲ್ಲಿ ಸಿಲಿಂಡರಿನ ಸಮೀಪ ಡ್ರಿಲ್ಲು, ವೆಲ್ಡಿಂಗ್ ಎರಡೂ ಕೂಡದು. 2022ರಲ್ಲಿ ಬಂದ ಏಸ್ ಇವಿಯಂತಹ ವಿದ್ಯುತ್ ವಾಹನದ ತಳದ ಕೆಳಗೆ ಹೆಚ್ಚಿನ ವೋಲ್ಟೇಜಿನ ಕಿತ್ತಳೆ ಬಣ್ಣದ ತಂತಿಗಳಿರುವುದರಿಂದ ಅಂಥ ಗಾಡಿಗೆ ಕೊರೆಯದೆ ಕೂರಿಸುವ ಒಳಹಾಸನ್ನೇ ಆರಿಸಿಕೊಳ್ಳಬೇಕು. ವೆಲ್ಡಿಂಗ್ ಅನಿವಾರ್ಯವಾದಲ್ಲಿ ಬ್ಯಾಟರಿಯ ತಂತಿ ಬಿಚ್ಚಿಡುವುದು ಹಳೆಯ ನಿಯಮ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಎಲೆಕ್ಟ್ರಾನಿಕ್ ಘಟಕಗಳು ಹೆಚ್ಚಿರುವುದರಿಂದ ಅದನ್ನು ಮರೆತರೆ ಬೀಳುವ ದಂಡ ಒಳಹಾಸಿನ ಬೆಲೆಯನ್ನೂ ಮೀರೀತು.

ಪೆಟ್ರೋಲ್ ಕ್ಯಾನಿನ ಅಪಾಯ

ಪ್ಲಾಸ್ಟಿಕ್ ಒಳಹಾಸು ಇರುವವರು ತಿಳಿದಿರಲೇಬೇಕಾದ ಸಂಗತಿ ಇನ್ನೊಂದಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ 1998ರಲ್ಲಿ ಈ ಕುರಿತು ಎಚ್ಚರಿಕೆ ಹೊರಡಿಸಿತ್ತು. ಪಿಕಪ್ಪಿನ ಬಾಡಿಯಲ್ಲೇ ಕ್ಯಾನ್ ಇಟ್ಟು ಪೆಟ್ರೋಲ್ ತುಂಬಿಸುವಾಗ ಬೆಂಕಿ ಹತ್ತಿದ ಪ್ರಕರಣಗಳು ಅದಕ್ಕೆ ಕಾರಣ. ಹರಿಯುವ ಪೆಟ್ರೋಲ್ ಕ್ಯಾನಿನಲ್ಲಿ ಸ್ಥಿರ ವಿದ್ಯುತ್ತನ್ನು ಶೇಖರಿಸುತ್ತದೆ. ಕ್ಯಾನ್ ನೆಲದ ಮೇಲಿದ್ದರೆ ಅದು ಭೂಮಿಗೆ ಇಳಿದುಹೋಗುತ್ತದೆ. ಪ್ಲಾಸ್ಟಿಕ್ ಒಳಹಾಸು ವಿದ್ಯುತ್ ನಿರೋಧಕವಾದ್ದರಿಂದ ಆ ದಾರಿ ಕಡಿಯುತ್ತದೆ. ನಳಿಕೆಯ ತುದಿ ಹತ್ತಿರ ಬಂದಾಗ ಕಿಡಿ ಹಾರಿ ಆವಿ ಹೊತ್ತಿಕೊಳ್ಳಬಹುದು. ಮದುವೆ, ಗಣೇಶೋತ್ಸವಗಳಿಗೆ ಜನರೇಟರ್ ಒಯ್ಯುವವರು, ಹುಲ್ಲು ಕತ್ತರಿಸುವ ಯಂತ್ರದವರು ಬಂಕಿನಲ್ಲಿ ಕ್ಯಾನನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬಿಸಿಕೊಳ್ಳಬೇಕು. ಒಂದು ನಿಮಿಷದ ಕೆಲಸ.

ಮೇಲಿನ ಹೊದಿಕೆ

ಟಾರ್ಪಾಲು ಎಂಬುದು ಹಡಗಿನವರಿಂದ ಬಂದ ಪದ. ನೀರು ಇಳಿಯದಿರಲೆಂದು ಟಾರು ಬಳಿದ ದಪ್ಪ ಬಟ್ಟೆಗೆ ಇಂಗ್ಲಿಷ್ ನಾವಿಕರು ಇಟ್ಟ ಹೆಸರು. ಈಗ ಪೇಟೆಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಮೇಣ ಹಾಕಿದ ಹತ್ತಿಯ ಕ್ಯಾನ್ವಾಸ್ ಭಾರ, ಒದ್ದೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಆದರೆ ಸ್ವಲ್ಪ ಉಸಿರಾಡುತ್ತದೆ. ನೇಯ್ದ ಪಾಲಿಎಥಿಲೀನ್ ಹಾಳೆ ಅಗ್ಗ ಹಾಗೂ ಹಗುರ. ಇದಕ್ಕೆ ಐಎಸ್ 7903 ಎಂಬ ಭಾರತೀಯ ಮಾನಕವಿದೆ. ಪಿವಿಸಿ ಲೇಪಿತ ಬಟ್ಟೆ ಬಾಳಿಕೆಯದು, ಬೆಲೆಯೂ ಹಾಗೆಯೇ. ಕೊಳ್ಳುವಾಗ ಬಣ್ಣ ನೋಡುವುದಕ್ಕಿಂತ ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಕೇಳಬೇಕು. ಅಂಗಡಿಯವರು 'ಜಿಎಸ್‌ಎಂ' ಎನ್ನುವುದು ಇದನ್ನೇ. ಕಡಿಮೆ ಜಿಎಸ್‌ಎಂನ ನೀಲಿ ಹಾಳೆ ಒಂದೆರಡು ಬೇಸಿಗೆಯ ಬಿಸಿಲಿಗೆ ಪುಡಿಯಾಗುತ್ತದೆ.

ಅಳತೆಯ ಲೆಕ್ಕವೂ ಕಷ್ಟವಲ್ಲ. ತಳದ ಉದ್ದಕ್ಕೆ ಸರಕಿನ ಎತ್ತರದ ಎರಡರಷ್ಟನ್ನೂ, ಅಗಲಕ್ಕೂ ಅಷ್ಟನ್ನೇ ಕೂಡಿಸಬೇಕು. ಏಸ್ ವರ್ಗದ ಗಾಡಿಯಲ್ಲಿ ತಳದಿಂದ ಒಂದು ಮೀಟರ್ ಎತ್ತರ ತುಂಬಿದರೆ 4.2 ಮೀಟರ್ ಉದ್ದ, 3.5 ಮೀಟರ್ ಅಗಲದ ಹಾಳೆ ಬೇಕಾಗುತ್ತದೆ. ಅಂಗಡಿಯ 15 ಅಡಿಗೆ 12 ಅಡಿಯ ಹಾಳೆ ಇದಕ್ಕೆ ಸರಿಹೊಂದುತ್ತದೆ.

ಕಟ್ಟುವಾಗ ಮುಂಭಾಗವೇ ಮೊದಲು. ಕ್ಯಾಬಿನ್ನಿನ ಹಿಂದೆ ಅಂಚನ್ನು ಒಳಕ್ಕೆ ಮಡಚಿ ಬಿಗಿದರೆ ಗಾಳಿಗೆ ನುಗ್ಗಲು ಬಾಯಿ ಸಿಗುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದುರು ಗಾಳಿಯ ಒತ್ತಡ ಚದರ ಮೀಟರಿಗೆ 17 ಕೆ.ಜಿ. ಭಾರದಷ್ಟಾಗುತ್ತದೆ, 80ಕ್ಕೆ ಏರಿದರೆ ಅದು 30 ಕೆ.ಜಿ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ನೈಸ್ ರಸ್ತೆಯಲ್ಲೋ ಕನಕಪುರ ರಸ್ತೆಯಲ್ಲೋ ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿದ್ದರೆ ಅದರ ರಿಂಗುಗಳು ಕಿತ್ತುಬರುವುದು ಖಚಿತ, ಬಿಚ್ಚಿ ಹಾರಿದ ಹಾಳೆ ಹಿಂದಿನ ಬೈಕ್ ಸವಾರನ ಮುಖಕ್ಕೆ ಬಿದ್ದರೆ ಪ್ರಾಣಕ್ಕೇ ಕುತ್ತು. ಹಗ್ಗ ಮೂಲೆಯಲ್ಲಿ ಉಜ್ಜುವ ಕಡೆ ಹಳೆಯ ಟ್ಯೂಬಿನ ತುಂಡು ಇಡುವುದು ಚಾಲಕರು ಬಲ್ಲ ಹಳೆಯ ಉಪಾಯ.

ಮಧ್ಯದಲ್ಲಿ ಎತ್ತರ ಕೊಡುವ ಕಮಾನುಗಳಿಲ್ಲದಿದ್ದರೆ ಹಾಳೆ ತಗ್ಗಿ ನೀರು ನಿಲ್ಲುತ್ತದೆ. ಒಂದು ಚದರ ಮೀಟರ್ ತಗ್ಗಿನಲ್ಲಿ ಐದು ಸೆಂ.ಮೀ. ನೀರು ನಿಂತರೆ 50 ಕೆ.ಜಿ. ಭಾರ. ತಿರುವಿನಲ್ಲಿ ಅದು ಒಂದು ಪಕ್ಕಕ್ಕೆ ಹೊಯ್ದಾಡುತ್ತದೆ, ಬ್ರೇಕ್ ಹಾಕಿದಾಗ ಕ್ಯಾಬಿನ್ನಿನ ಮೇಲೆ ಸುರಿಯುತ್ತದೆ.

ಹೊದಿಕೆ ಹೊದಿಸಿದ ಮಾತ್ರಕ್ಕೆ ಸರಕು ಸುರಕ್ಷಿತವಲ್ಲ. ಸೊಪ್ಪು, ಹೂವು ಪ್ಲಾಸ್ಟಿಕ್ ಹಾಳೆಯ ಅಡಿಯಲ್ಲಿ ಬೆವರಿ ಬಾಡುತ್ತವೆ. ಬಿಸಿಲಿನ ಹೊತ್ತಿಗೆ ನೆರಳಿನ ಬಲೆಯೇ ಮೇಲು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಮೂಟೆ ತರುವ ಗಾಡಿಗಳಿಗೆ ತೊಡಕು ಬೇರೆ ಬಗೆಯದು. ಆ ದಿನಗಳಲ್ಲಿ ಹಿಂಗಾರಿನ ತುಂತುರು ಸಾಮಾನ್ಯ. ಕಡಲೆಕಾಯಿ ತೇವವಾದರೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು. ಮೇಲೆ ಹೊದಿಕೆಯಿದ್ದರೂ ತಳದಲ್ಲಿ ನೀರು ನಿಂತರೆ ಕೆಳಗಿನ ಸಾಲಿನ ಮೂಟೆಗಳು ನೆನೆಯುತ್ತವೆ. ಮರದ ಪಟ್ಟಿಗಳ ಮೇಲೆ ಮೂಟೆಗಳನ್ನು ಎತ್ತರಿಸಿ ಇಡುವುದು, ತಲುಪಿದೊಡನೆ ಹೊದಿಕೆ ತೆರೆದು ಗಾಳಿಯಾಡಿಸುವುದು ಇದಕ್ಕೆ ಪರಿಹಾರ.

ಸ್ವಂತ ಬಳಕೆಯ ಪಿಕಪ್ಪುಗಳಿಗೆ ಬಾಡಿಯ ಅಂಚಿನ ಮಟ್ಟದಲ್ಲೇ ಕೂರುವ ಹೊದಿಕೆಗಳಿವೆ. ಸುತ್ತಿಡುವ ವಿನೈಲ್, ಮೂರು ಮಡಿಕೆಯ ಹಲಗೆ, ಅಂಗಡಿಯ ಶಟರಿನಂತೆ ಸರಿಯುವ ಅಲ್ಯೂಮಿನಿಯಂ ಪಟ್ಟಿ, ಪೂರ್ತಿ ಮುಚ್ಚುವ ಫೈಬರ್ ಕ್ಯಾನೊಪಿ ಹೀಗೆ ನಾನಾ ರೂಪ. ಮೊದಲಿನದು ಮಳೆ ತಡೆಯುತ್ತದೆ, ಕಳ್ಳನನ್ನಲ್ಲ. ಶಟರಿನ ಬಗೆಯಲ್ಲಿ ಪೆಟ್ಟಿಗೆಯ ಮೂಲೆಗಳಿಂದ ನೀರು ಇಳಿಸುವ ಸಣ್ಣ ಕೊಳವೆಗಳಿರುತ್ತವೆ. ಎಲೆ, ಧೂಳು ತುಂಬಿ ಅವು ಕಟ್ಟಿಕೊಂಡರೆ ನೀರು ಸಾಮಾನಿನ ಮೇಲೆಯೇ ಬೀಳುತ್ತದೆ.

ಕಾನೂನು ಏನನ್ನುತ್ತದೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನಧಿಕೃತ ಮಾರ್ಪಾಟಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂ. ದಂಡವನ್ನು ಸೇರಿಸಿತು. ವಾಹನದ ಮೂಲ ಸ್ವರೂಪವೇ ಬದಲಾಗುವ ರಚನೆಯ ವ್ಯತ್ಯಾಸವನ್ನು ಕಾಯ್ದೆ ಮಾರ್ಪಾಟು ಎನ್ನುತ್ತದೆ. ತೆಗೆದಿಡಬಹುದಾದ ಚಾಪೆ, ಕಟ್ಟಿ ಬಿಚ್ಚುವ ಟಾರ್ಪಾಲು ಈ ವ್ಯಾಖ್ಯೆಗೆ ಬೀಳುವಂಥವಲ್ಲ. ಆದರೆ ಪಕ್ಕದ ಹಲಗೆಗಳನ್ನು ವೆಲ್ಡ್ ಮಾಡಿ ಎತ್ತರಿಸುವುದು, ತೆರೆದ ಬಾಡಿಯನ್ನು ಮುಚ್ಚಿದ ಪೆಟ್ಟಿಗೆಯಾಗಿಸುವುದು, ನೋಂದಣಿ ಪತ್ರದಲ್ಲಿ ಬರೆದ ಖಾಲಿ ತೂಕ ಬದಲಾಗುವಷ್ಟು ಭಾರದ ಉಕ್ಕು ಬಿಗಿಯುವುದು ಬೇರೆ ಮಾತು. ಇಂಥ ಕೆಲಸಕ್ಕೆ ಕೈಹಾಕುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು; ಕೆಎ-05 ನೋಂದಣಿಯ ಗಾಡಿಗಳಿಗೆ ಅದು ಜಯನಗರದ್ದು. ವಿಮೆ ಕಂಪನಿಗೂ ಬರೆದು ತಿಳಿಸದಿದ್ದರೆ ಅಪಘಾತದ ಪರಿಹಾರ ಕೇಳುವಾಗ ತಕರಾರು ಏಳುತ್ತದೆ.

ಹೊದಿಕೆ ಕಟ್ಟುವುದು ಕೆಲವೊಮ್ಮೆ ಇಷ್ಟದ ವಿಷಯವೂ ಅಲ್ಲ. ಕೇಂದ್ರ ಪರಿಸರ ಸಚಿವಾಲಯ 2018ರ ಜನವರಿಯಲ್ಲಿ ತಂದ ನಿಯಮದಂತೆ, ಗಾಳಿಯಲ್ಲಿ ಧೂಳಿನ ಕಣ ಮಿತಿಮೀರಿರುವ ನಗರಗಳಲ್ಲಿ ಕಟ್ಟಡ ಸಾಮಗ್ರಿ ಮತ್ತು ಕಟ್ಟಡ ತ್ಯಾಜ್ಯ ಹೊತ್ತ ವಾಹನ ಮುಚ್ಚದೆ ಓಡಾಡುವಂತಿಲ್ಲ. ಟಾರ್ಪಾಲಿನ ಅಂಚು ಹಿಂದಿನ ದೀಪ, ನಂಬರ್ ಫಲಕ, ಪ್ರತಿಫಲಿಸುವ ಪಟ್ಟಿಗಳನ್ನು ಮರೆಮಾಡದಂತೆಯೂ ನೋಡಿಕೊಳ್ಳಬೇಕು. ಸರಕು ಬಾಡಿಯ ಪಕ್ಕ, ಹಿಂದೆ, ಮುಂದೆ ಚಾಚಿಕೊಂಡಿದ್ದರೆ ಕಾಯ್ದೆಯ 194ನೇ ಕಲಮಿನಡಿ 20,000 ರೂ. ದಂಡವಿದೆ. ಹೊದಿಕೆಯ ಅಡಿ ಕೂಲಿಕಾರರನ್ನು ಕೂರಿಸಿಕೊಂಡು ಹೋಗುವುದು ಕಾನೂನುಬಾಹಿರವಷ್ಟೇ ಅಲ್ಲ. ಹಿಂಭಾಗ ಮಾತ್ರ ತೆರೆದ ಹೊದಿಕೆಯೊಳಕ್ಕೆ ಗಾಡಿಯದೇ ಹೊಗೆ ಮರಳಿ ಸೆಳೆದುಬರುತ್ತದೆ, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಹಳೆಯ ಗಾಡಿ ಕೊಳ್ಳುವಾಗ

ಬಳಸಿದ ಪಿಕಪ್ ನೋಡಲು ಹೋದವರು ಎಂಜಿನ್ ಸದ್ದು ಕೇಳಿ, ಟೈರು ಒತ್ತಿ, ಎಫ್‌ಸಿ ದಿನಾಂಕ ನೋಡಿ ಮುಗಿಸುತ್ತಾರೆ. ಹೊಸದಾಗಿ ಹೊಡೆಸಿದ ಚೆಕರ್ಡ್ ಪ್ಲೇಟು ಕಂಡರೆ ಮೆಚ್ಚುವುದೂ ಉಂಟು. ಮೆಚ್ಚುವ ಬದಲು ಅದರ ಎರಡು ಬೋಲ್ಟು ಬಿಚ್ಚಿಸಿ ಮೂಲೆಯನ್ನು ಎತ್ತಿ ನೋಡಬೇಕು. ಬಿಚ್ಚಲು ಮಾರುವವನು ಒಪ್ಪದಿದ್ದರೆ ಗಾಡಿಯ ಕೆಳಗೆ ಟಾರ್ಚ್ ಹಿಡಿದು, ತಳದ ತಗಡಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದರೆ ಸಾಕು. ಗಟ್ಟಿ ತಗಡು ಟಣ್ ಎನ್ನುತ್ತದೆ, ತಿಂದುಹೋದದ್ದು ಮಂದವಾಗಿ ಸದ್ದು ಮಾಡಿ ಕೆಂಪು ಪುಡಿ ಉದುರಿಸುತ್ತದೆ. ಅಡ್ಡತೊಲೆಗಳು ಚಾಸಿಗೆ ಕೂಡುವ ಜಾಗದಲ್ಲಿ ಆ ಪುಡಿ ಉದುರಿದರೆ ಬಾಡಿಯನ್ನೇ ಬದಲಿಸುವ ಖರ್ಚನ್ನು ಕಳೆದು ಬೆಲೆ ಮಾತಾಡಬೇಕು.